ಆಟದ ಹಲಗೆಯ ಮೇಲಿನ ದಿಗ್ವಿಜಯ



ಕಳೆದ ಬೇಸಿಗೆಯ ರಜೆಯಲ್ಲಿ ನಮ್ಮ ಭಾಗದ ಒಂದು ಮಕ್ಕಳ ಧಾರ್ಮಿಕ ಶಿಬಿರದ ಸಮಾರೋಪಕ್ಕೆ ಹೋಗಿದ್ದೆ. ಹತ್ತು ದಿನಗಳ ಕಾಲ ಮಕ್ಕಳಿಗೆ ಣಮೋಕಾರ ಮಂತ್ರದ ಅರ್ಥವನ್ನೂ ಐದು ಅಣುವ್ರತಗಳನ್ನೂ ಕಲಿಸಿದ್ದರು. ನೀರನ್ನು ಏಕೆ ಸೋಸಿ ಕುಡಿಯಬೇಕು, ಕತ್ತಲಾದ ಮೇಲೆ ಏಕೆ ಉಣ್ಣಬಾರದು ಎಂಬುದನ್ನು ಏಳೆಂಟು ವರ್ಷದ ಕೂಸುಗಳು ತಡವರಿಸದೆ ಹೇಳಿದವು. ಕೇಳಿ ಕಣ್ಣು ತುಂಬಿ ಬಂತು. ಅನಂತರ ಬಹುಮಾನ ವಿತರಣೆ. ದಾನಿಯೊಬ್ಬರು ಉದಾರವಾಗಿ ಕೊಟ್ಟಿದ್ದ ಬಣ್ಣದ ಪೆಟ್ಟಿಗೆಗಳು ಮಕ್ಕಳ ಕೈಸೇರಿದವು. ಪೆಟ್ಟಿಗೆಯ ಮೇಲೆ ಉರಿಯುತ್ತಿರುವ ಕೋಟೆ, ಈಟಿ ಹಿಡಿದ ಯೋಧರು, ಮುನ್ನುಗ್ಗುವ ಆನೆಗಳು. ಒಳಗೆ ಪ್ರಾಚೀನ ಜಗತ್ತಿನ ನಕ್ಷೆ, ದಾಳಗಳು, ನಾಲ್ಕು ಬಣ್ಣದ ಸೇನೆಗಳು. ಸೇನೆಯನ್ನು ನಡೆಸುವುದು, ನಗರಗಳನ್ನು ಗೆಲ್ಲುವುದು, ಎದುರಾಳಿಯ ಕೊನೆಯ ಕಾಯಿಯನ್ನು ಹಲಗೆಯಿಂದ ತೆಗೆಯುವುದು - ಇದೇ ಆಟ.

ಸೋಸಿದ ನೀರು ಕುಡಿಯಲು ಕಲಿತ ಕೈಗೆ ನಾವೇ ಸೇನೆಯನ್ನು ಕೊಟ್ಟೆವು. ಸಭೆಯಲ್ಲಿದ್ದ ಯಾರಿಗೂ ಅದು ವಿಪರೀತವೆನಿಸಲಿಲ್ಲ. ಆಕ್ಷೇಪಿಸಿದ ನನ್ನನ್ನು ಹಿರಿಯರು ನಗುತ್ತಲೇ ಸುಮ್ಮನಾಗಿಸಿದರು. ಅಂದು ಅವರು ಹೇಳಿದ ನಾಲ್ಕು ಮಾತುಗಳಿಗೆ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ದಾನಿಗಳ ಮನಸ್ಸನ್ನು ನೋಯಿಸುವುದು ನನ್ನ ಉದ್ದೇಶವಲ್ಲ. ಅವರ ದ್ರವ್ಯ ಮುಂದಿನ ಸಲ ಸತ್ಕಾರ್ಯಕ್ಕೆ ಸಲ್ಲಲಿ ಎಂಬುದೇ ಆಶಯ.

ಮೊದಲನೆಯ ಮಾತು: “ಇದು ಬರೀ ಆಟ. ಇಲ್ಲಿ ಯಾರ ಪ್ರಾಣ ಹೋಯಿತು?”

ಈ ಪ್ರಶ್ನೆಯನ್ನು ಜೈನರಲ್ಲದವರು ಕೇಳಿದರೆ ಸಹಜ. ನಾವು ಕೇಳಬಹುದೆ? ಜನ್ನನು 1209ರಲ್ಲಿ ರಚಿಸಿದ ಯಶೋಧರ ಚರಿತೆಯ ಕಥೆ ನಮ್ಮ ಮನೆಮನೆಯ ಅಜ್ಜಿಯರಿಗೆ ಗೊತ್ತು. ಯಶೋಧರನು ಜೀವಂತ ಪ್ರಾಣಿಯನ್ನು ಬಲಿ ಕೊಡಲು ಒಪ್ಪಲಿಲ್ಲ. ತಾಯಿಯ ಒತ್ತಾಯಕ್ಕೆ ಮಣಿದು ಹಿಟ್ಟಿನ ಕೋಳಿಯೊಂದನ್ನು ಕತ್ತರಿಸಿದನು. ಅಲ್ಲಿ ರಕ್ತವಿರಲಿಲ್ಲ, ಮಾಂಸವಿರಲಿಲ್ಲ. ಇದ್ದದ್ದು ಹಿಟ್ಟು ಮತ್ತು ಬಣ್ಣ. ಆದರೂ ತಾಯಿ ಮಕ್ಕಳಿಬ್ಬರೂ ಹಲವು ತಿರ್ಯಗ್ಜನ್ಮಗಳಲ್ಲಿ ತೊಳಲಬೇಕಾಯಿತು. ಏಕೆಂದರೆ ಕತ್ತರಿಸಿದ್ದು ಹಿಟ್ಟನ್ನಾದರೂ ಸಂಕಲ್ಪಿಸಿದ್ದು ಕೊಲೆಯನ್ನು. ಹಿಟ್ಟಿನ ಕೋಳಿಯಲ್ಲಿ ಹಿಂಸೆಯನ್ನು ಕಂಡ ಪರಂಪರೆಗೆ ಪ್ಲಾಸ್ಟಿಕ್ಕಿನ ಸೈನಿಕನಲ್ಲಿ ಏನೂ ಕಾಣದೆ ಹೋಯಿತೆ?

ಅಮೃತಚಂದ್ರಾಚಾರ್ಯರು ಪುರುಷಾರ್ಥಸಿದ್ಧ್ಯುಪಾಯದಲ್ಲಿ ರಾಗಾದಿ ಭಾವಗಳ ಉತ್ಪತ್ತಿಯೇ ಹಿಂಸೆ, ಅವು ಹುಟ್ಟದಿರುವುದೇ ಅಹಿಂಸೆ ಎಂದು ನಿರ್ಣಯಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ನಿಷ್ಪ್ರಯೋಜಕ ಪಾಪಗಳನ್ನು, ಅಂದರೆ ಅನರ್ಥದಂಡಗಳನ್ನು, ಐದಾಗಿ ವಿಂಗಡಿಸಿದರು. ಅವುಗಳಲ್ಲಿ ಒಂದು ಅಪಧ್ಯಾನ. ಇತರರಿಗೆ ಸೋಲು, ವಧೆ, ಬಂಧನ, ಧನಹರಣ ಹೇಗೆ ಒದಗೀತು ಎಂದು ಮನಸ್ಸಿನಲ್ಲಿ ಚಿಂತಿಸುವುದೇ ಅಪಧ್ಯಾನವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸುತ್ತಾರೆ. ಇದನ್ನು ಓದಿ ಆ ಪೆಟ್ಟಿಗೆಯ ನಿಯಮಪುಸ್ತಕವನ್ನು ತೆರೆದು ನೋಡಿರಿ. ಆಚಾರ್ಯರು ಬಿಡಬೇಕೆಂದು ಎಣಿಸಿದ ಚಿಂತನೆಗಳೇ ಅಲ್ಲಿ ಗೆಲ್ಲುವ ಉಪಾಯಗಳಾಗಿವೆ.

ಇದನ್ನು ದೂರದಲ್ಲಿ ನಿಂತು ಹೇಳುತ್ತಿಲ್ಲ. ಆ ಶಿಬಿರದ ಬಳಿಕ ಬಂಧುಗಳ ಮನೆಯಲ್ಲಿ ಮಕ್ಕಳೊಡನೆ ಒಂದು ಸಂಜೆ ನಾನೂ ಅದನ್ನು ಆಡಿದೆ. ಆಡದೆ ದೂಷಿಸುವುದು ಅನ್ಯಾಯವೆಂದು ಕುಳಿತವನು ಎರಡು ತಾಸು ಏಳಲಿಲ್ಲ. ಒಂಬತ್ತು ವರ್ಷದ ಹುಡುಗನ ಕೊನೆಯ ನಗರವನ್ನು ನಾನು ಗೆದ್ದಾಗ ಅವನ ತುಟಿ ನಡುಗಿತು, ನನಗೆ ಸಂತೋಷವಾಯಿತು. ಸಾಮಾಯಿಕಕ್ಕೆ ಕುಳಿತಾಗಲೂ ಇನ್ನೊಂದು ದಾರಿಯಿಂದ ಸೇನೆಯನ್ನು ನಡೆಸಿದ್ದರೆ ಬೇಗ ಗೆಲ್ಲುತ್ತಿದ್ದೆನಲ್ಲ ಎಂಬ ಲೆಕ್ಕಾಚಾರವೇ ಮನಸ್ಸಿನಲ್ಲಿ ನಡೆದಿತ್ತು. ಅರುವತ್ತು ದಾಟಿದ ನನ್ನ ಗತಿಯೇ ಹೀಗಾದರೆ ಎಳೆಯ ಮನಸ್ಸಿನ ಗತಿಯೇನು?

ಆಟವು ಮನಸ್ಸನ್ನು ತಿದ್ದುವುದಿಲ್ಲವೆಂಬ ನಂಬಿಕೆ ಯುದ್ಧ ಮಾಡುವವರಿಗೇ ಇಲ್ಲ. ರೈಸ್‌ವಿಟ್ಸ್ ಎಂಬ ಅಧಿಕಾರಿ ರೂಪಿಸಿದ ಯುದ್ಧದಾಟವನ್ನು ಪ್ರಶ್ಯಾದ ಸೇನೆಯು 1824ರಲ್ಲಿ ತನ್ನ ಅಧಿಕಾರಿಗಳ ತರಬೇತಿಗಾಗಿಯೇ ಸ್ವೀಕರಿಸಿತು. ಇಂದಿಗೂ ಹಲವು ದೇಶಗಳ ಸೇನೆಗಳು ಇಂತಹ ಆಟಗಳನ್ನು ಪಾಠವಾಗಿ ಬಳಸುತ್ತವೆ. ಅವರು ಪಾಠವೆಂದು ಆಡುವುದನ್ನು ನಾವು ಬರೀ ಆಟವೆಂದು ಮಕ್ಕಳಿಗೆ ಕೊಡುತ್ತಿದ್ದೇವೆ.

ಎರಡನೆಯ ಮಾತು: “ಇದರಿಂದ ಮಕ್ಕಳಿಗೆ ಇತಿಹಾಸ ತಿಳಿಯುತ್ತದೆ.”

ಇತಿಹಾಸವನ್ನು ತಿಳಿಯಲು ನಮಗೆ ಪೆಟ್ಟಿಗೆ ಬೇಕೆ? ಲಿಂಗಸುಗೂರಿನಿಂದ ಸಿಂಧನೂರಿಗೆ ಹೋಗುವ ದಾರಿಯಲ್ಲಿಯೇ ಮಸ್ಕಿಯಿದೆ. 1915ರಲ್ಲಿ ಚಿನ್ನದ ಗಣಿಯ ಎಂಜಿನಿಯರ್ ಬೀಡನ್ ಎಂಬವರು ಅಲ್ಲಿಯ ಗುಡ್ಡದಲ್ಲಿ ಬ್ರಾಹ್ಮಿ ಅಕ್ಷರಗಳ ಬಂಡೆಯನ್ನು ಗುರುತಿಸಿದರು. ‘ದೇವಾನಾಂಪ್ರಿಯ’ನೆಂಬ ಬಿರುದನ್ನು ಹೊತ್ತ ಅರಸನು ಅಶೋಕನೇ ಎಂಬುದಕ್ಕೆ ಶಾಸನದೊಳಗಿನ ಹೆಸರೇ ಸಾಕ್ಷಿಯಾಗಿ ಮೊದಲು ದೊರೆತದ್ದು ಅಲ್ಲಿ. ದೊಡ್ಡವರು ಮಾತ್ರವಲ್ಲ, ಸಣ್ಣವರೂ ಧರ್ಮದಲ್ಲಿ ನಡೆದರೆ ಉನ್ನತಿಯನ್ನು ಪಡೆಯಬಲ್ಲರು ಎಂಬುದು ಆ ಬಂಡೆಯ ಸಾರ. ಅದೇ ಅರಸನ ಹದಿಮೂರನೆಯ ಬಂಡೆಶಾಸನವು ಕಳಿಂಗದ ಲೆಕ್ಕವನ್ನು ಕೊಡುತ್ತದೆ: ಸೆರೆಯಾಗಿ ಸಾಗಿಸಲ್ಪಟ್ಟವರು 1,50,000, ಕೊಲ್ಲಲ್ಪಟ್ಟವರು 1,00,000, ಬೇರೆ ರೀತಿಯಲ್ಲಿ ಸತ್ತವರು ಅದರ ಎಷ್ಟೋ ಪಟ್ಟು. ಗೆದ್ದ ಅರಸನೊಬ್ಬನು ತನ್ನ ಗೆಲುವಿಗಾಗಿ ಪಶ್ಚಾತ್ತಾಪಪಟ್ಟು ಕಲ್ಲಿನಲ್ಲಿ ಬರೆಯಿಸಿದ್ದು ಲೋಕದಲ್ಲಿಯೇ ಅಪರೂಪ. ಆಟದ ಹಲಗೆಯ ಮೇಲೆ ಕಳಿಂಗಕ್ಕೊಂದು ಚೌಕವಿರಬಹುದು, ಪಶ್ಚಾತ್ತಾಪಕ್ಕೆ ಚೌಕವಿಲ್ಲ. ಸೆರೆ ಹೋದವರಿಗೆ ಕಾಯಿಯಿಲ್ಲ. ಗೆದ್ದವನು ಅಳುವ ಅವಕಾಶವನ್ನು ನಿಯಮಪುಸ್ತಕ ಕೊಡುವುದಿಲ್ಲ. ಇತಿಹಾಸದ ಈ ಅರ್ಧವನ್ನು ಕತ್ತರಿಸಿ ಉಳಿದರ್ಧವನ್ನು ಕಲಿಸುವುದು ವಿದ್ಯೆಯಲ್ಲ, ವಂಚನೆ.

ಇನ್ನೂ ಒಂದು ಮಾತಿದೆ. ಕೃಷ್ಣಾ ತುಂಗಭದ್ರೆಗಳ ನಡುವಿನ ಈ ನಮ್ಮ ನೆಲವೇ ಶತಮಾನಗಳ ಕಾಲ ಅರಸರ ಆಟದ ಹಲಗೆಯಾಗಿತ್ತು. ವಿಜಯನಗರಕ್ಕೂ ಬಹಮನಿಗಳಿಗೂ, ಅನಂತರ ಬಿಜಾಪುರಕ್ಕೂ, ಈ ದೋಆಬಿಗಾಗಿ ನಿಲ್ಲದ ಕಲಹ. ಲಿಂಗಸುಗೂರು ತಾಲೂಕಿನ ಮುದಗಲ್ ಕೋಟೆ ಎಷ್ಟು ಸಲ ಕೈ ಬದಲಾಯಿಸಿತು! 1520ರಲ್ಲಿ ರಾಯಚೂರಿಗಾಗಿ ಕೃಷ್ಣದೇವರಾಯನೂ ಇಸ್ಮಾಯಿಲ್ ಆದಿಲ್ ಶಾಹನೂ ಮಹಾಯುದ್ಧವನ್ನೇ ಮಾಡಿದರು. ಅಂದು ಜೋಳದ ಹೊಲದಲ್ಲಿ ಸೇನೆ ಬೀಡುಬಿಟ್ಟಾಗ ಒಕ್ಕಲಿಗನ ಪಾಲಿಗೆ ಏನು ಉಳಿದೀತು, ಸಂತೆಯ ವರ್ತಕನು ಎಲ್ಲಿಗೆ ಓಡಿಯಾನು ಎಂಬುದನ್ನು ಊಹಿಸಲು ಪಾಂಡಿತ್ಯ ಬೇಡ. ಈ ನೆಲದವರು ಅಂದು ಆಟಗಾರರಾಗಿರಲಿಲ್ಲ, ಅವರಿದ್ದದ್ದು ಹಲಗೆಯ ಮೇಲಿನ ಚೌಕದಲ್ಲಿ. ಅದೇ ಚೌಕದಲ್ಲಿ ಇಂದು ನೆಮ್ಮದಿಯಿಂದ ವ್ಯಾಪಾರ ಮಾಡಿಕೊಂಡಿರುವ ನಾವು ಮಕ್ಕಳಿಗೆ ಅರಸನ ಕಣ್ಣನ್ನಷ್ಟೇ ಕೊಟ್ಟು ಚೌಕದವನ ಕಣ್ಣನ್ನು ಮರೆಸಬಹುದೆ?

ಮೂರನೆಯ ಮಾತು: “ಹಾಗಾದರೆ ಚದುರಂಗವೂ ಬೇಡವೆ?”

ಇದು ಯೋಗ್ಯವಾದ ಪ್ರಶ್ನೆ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿಯೇ ಚದುರಂಗದ ವರ್ಣನೆಯಿದೆ. ಈ ನಾಡಿಗೆ ಅದು ಹೊಸದಲ್ಲ. ಅದರಲ್ಲಿಯೂ ಆನೆ ಕುದುರೆಗಳಿವೆ. ಅದು ಸಂಪೂರ್ಣ ನಿರ್ದೋಷವೆಂದು ನಾನು ವಾದಿಸುವುದಿಲ್ಲ. ಅಲ್ಲಿಯೂ ಗೆಲ್ಲುವ ಹಟ ಕಷಾಯವನ್ನು ಎಬ್ಬಿಸಬಹುದು. ಆದರೆ ವ್ಯತ್ಯಾಸ ದೊಡ್ಡದು. ಚದುರಂಗದ ಮನೆಗಳಿಗೆ ಊರಿನ ಹೆಸರಿಲ್ಲ, ಅಲ್ಲಿ ಜನರಿಲ್ಲ, ಸುಲಿಯಲು ಸಂಪತ್ತಿಲ್ಲ. ಇಬ್ಬರೂ ಸಮಬಲದಿಂದ ಆರಂಭಿಸುತ್ತಾರೆ. ಕಾಯಿಗಳ ಹೆಸರನ್ನು ಬದಲಿಸಿದರೂ ಆಟ ಕೆಡದು. ಈ ಪೆಟ್ಟಿಗೆಯ ಆಟದಲ್ಲಾದರೋ ರುಚಿಯೆಲ್ಲ ಆಕ್ರಮಣದ ಕಲ್ಪನೆಯಲ್ಲಿಯೇ ಇದೆ. ನಗರವನ್ನು ಹಿಡಿದಷ್ಟೂ ಸೇನೆ ಬೆಳೆಯುತ್ತದೆ, ಸೇನೆ ಬೆಳೆದಷ್ಟೂ ನಗರ ಬೇಕೆನಿಸುತ್ತದೆ. ಪರಿಗ್ರಹವು ಹೇಗೆ ಹಿಂಸೆಯನ್ನು ಹೆರುತ್ತದೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಚಿತ್ರ ಬೇಡ. ಆದರೆ ಇಲ್ಲಿ ಅದನ್ನು ದೋಷವೆಂದಲ್ಲ, ಜಾಣತನವೆಂದು ಕಲಿಸಲಾಗುತ್ತದೆ.

ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದೂ ಸರಿಯಲ್ಲ. ಫ್ರಾನ್ಸಿಸ್ ಟ್ರೆಶಮ್ ಎಂಬ ಆಂಗ್ಲರು 1980ರಲ್ಲಿ ಹೊರತಂದ ‘ಸಿವಿಲೈಜೇಶನ್’ ಎಂಬ ಹಲಗೆಯಾಟವೂ ಪ್ರಾಚೀನ ಜಗತ್ತಿನದೇ. ಅಲ್ಲಿ ಗೆಲುವು ಇರುವುದು ಇತರರನ್ನು ನಿರ್ನಾಮ ಮಾಡುವುದರಲ್ಲಲ್ಲ. ವ್ಯಾಪಾರ, ಕಲೆ, ವಿದ್ಯೆಗಳಿಂದ ಮುನ್ನಡೆಯುವುದರಲ್ಲಿ. ಅಹಿಂಸಾವ್ರತದ ಹಂಗಿಲ್ಲದವರೇ ಇಷ್ಟು ಯೋಚಿಸಬಲ್ಲರಾದರೆ ವ್ರತವುಳ್ಳ ನಾವು ಪೆಟ್ಟಿಗೆಯ ಮುಚ್ಚಳವನ್ನೂ ತೆರೆದು ನೋಡದೆ ಹಂಚಬಹುದೆ?

ನಾಲ್ಕನೆಯ ಮಾತು: “ನಮ್ಮ ಪೂರ್ವಜರೂ ಸೇನಾನಿಗಳಾಗಿದ್ದರು. ಚಾವುಂಡರಾಯನು ಯುದ್ಧ ಮಾಡಲಿಲ್ಲವೆ?”

ಮಾಡಿದನು. ಗಂಗರ ಆ ಮಹಾಮಂತ್ರಿಯ ಬಿರುದುಗಳು ರಣಾಂಗಣದಿಂದಲೇ ಬಂದವು. ಗೃಹಸ್ಥನು ನಾಡಿನ ರಕ್ಷಣೆಗಾಗಿ ಮಾಡಬೇಕಾಗಿ ಬರುವ ವಿರೋಧಿ ಹಿಂಸೆಯನ್ನು ನಮ್ಮ ಶಾಸ್ತ್ರವು ಸಂಕಲ್ಪಿ ಹಿಂಸೆಯಿಂದ ಬೇರೆ ಮಾಡಿಯೇ ನೋಡುತ್ತದೆ. ಆದರೆ ಕರ್ತವ್ಯಕ್ಕಾಗಿ ಖಡ್ಗ ಹಿಡಿಯುವುದು ಬೇರೆ, ಸಂಜೆಯ ವಿನೋದಕ್ಕಾಗಿ ಪರರ ಊರನ್ನು ಸುಡುವುದು ಬೇರೆ. ಅಷ್ಟು ಯುದ್ಧಗಳನ್ನು ಕಂಡ ಚಾವುಂಡರಾಯನು ಶ್ರವಣಬೆಳಗೊಳದ ಬೆಟ್ಟದ ಮೇಲೆ ಯಾರನ್ನು ನಿಲ್ಲಿಸಿದನು? ದಿಗ್ವಿಜಯ ಮಾಡಿದ ಭರತನನ್ನಲ್ಲ. ಗೆದ್ದೂ ರಾಜ್ಯವನ್ನು ಬಿಟ್ಟ ಬಾಹುಬಲಿಯನ್ನು.

ಪಂಪನು 941ರಲ್ಲಿ ಬರೆದ ಆದಿಪುರಾಣದಲ್ಲಿ ಈ ದಿಗ್ವಿಜಯದ ಪೂರ್ಣ ಪಾಠವಿದೆ. ಷಟ್ಖಂಡವನ್ನು ಗೆದ್ದ ಭರತನು ವೃಷಭಾಚಲದ ಮೇಲೆ ತನ್ನ ಕೀರ್ತಿಯನ್ನು ಕೆತ್ತಿಸಲು ಹೋದರೆ ಹಿಂದಿನ ಚಕ್ರವರ್ತಿಗಳ ಹೆಸರುಗಳಿಂದ ಬಂಡೆಯೇ ತುಂಬಿಹೋಗಿತ್ತು. ಒಬ್ಬನ ಹೆಸರನ್ನು ಅಳಿಸಿ ತನ್ನದನ್ನು ಬರೆಯಿಸಬೇಕಾಯಿತು. ಮುಂದೆ ಅಣ್ಣತಮ್ಮಂದಿರ ಸೇನೆಗಳು ಎದುರುಬದುರು ನಿಂತಾಗ ಮಂತ್ರಿಗಳು ಇಷ್ಟು ಜನರ ಹತ್ಯೆ ಏಕೆಂದು ತಡೆದರು. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧಗಳಲ್ಲಿ ಅವರಿಬ್ಬರೇ ಸೆಣಸಿದರು, ಸೈನಿಕನೊಬ್ಬನೂ ಸಾಯಲಿಲ್ಲ. ಸೇನೆಯನ್ನು ಹಲಗೆಯಿಂದ ಆಚೆ ಸರಿಸಿ ಆಡಿದ ಆಟವದು. ನಮ್ಮ ಮಕ್ಕಳಿಗೆ ಕಲಿಸಬೇಕಾದ ರಣನೀತಿ ಬೇಕೆಂದರೆ ಅದೇ.

ಕೇವಲ ಬೇಡವೆಂದರೆ ಸಾಲದು. ಮಕ್ಕಳಿಗೆ ಆಟ ಬೇಕು. ಗುಜರಾತ, ರಾಜಸ್ಥಾನಗಳ ಜೈನ ಮನೆತನಗಳಲ್ಲಿ ಜ್ಞಾನಚೌಪಡವೆಂಬ ಆಟವಿತ್ತು. ಇಂದಿನ ಹಾವು ಏಣಿಯ ಆಟಕ್ಕೆ ಮೂಲವಾದ ಪಟವದು. ಜೈನ ಪಟಗಳಲ್ಲಿ ಸಾಮಾನ್ಯವಾಗಿ 84 ಮನೆಗಳು. ಸದ್ಗುಣದಿಂದ ಏರಿಕೆ, ದುರ್ಗುಣದಿಂದ ಇಳಿಕೆ, ತುದಿಯಲ್ಲಿ ಮೋಕ್ಷ. ಅಲ್ಲಿ ಒಬ್ಬನು ಮೇಲೇರಲು ಇನ್ನೊಬ್ಬನನ್ನು ಕೆಡವಬೇಕಾಗಿಲ್ಲ. ಅದನ್ನು ಕನ್ನಡ ಅಕ್ಷರಗಳಲ್ಲಿ ಅಂದವಾಗಿ ಮುದ್ರಿಸಿ ಹಂಚಲು ನಮ್ಮ ಟ್ರಸ್ಟುಗಳಿಗೆ ಹೆಚ್ಚಿನ ವೆಚ್ಚವಾಗದು.

ಆದ್ದರಿಂದ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಜಿನಮಂದಿರ ಟ್ರಸ್ಟುಗಳ ಮುಂದೆ, ಶ್ವೇತಾಂಬರ ದಿಗಂಬರವೆಂಬ ಭೇದವಿಲ್ಲದೆ, ಮೂರು ಬಿನ್ನಹಗಳನ್ನು ಇಡುತ್ತೇನೆ. ಶಿಬಿರದಲ್ಲಿ ಕೊಡುವ ಪ್ರತಿ ಬಹುಮಾನವನ್ನೂ ಹಿರಿಯರಿಬ್ಬರು ಮೊದಲು ತೆರೆದು ನೋಡಲಿ. ಜ್ಞಾನಚೌಪಡದ ಮುದ್ರಣಕ್ಕೆ ಒಂದು ನಿಧಿಯನ್ನು ತೆಗೆದಿಡಲಿ. ಪ್ರತಿವರ್ಷ ಶಿಬಿರದ ಒಂದು ದಿನ ಮಕ್ಕಳನ್ನು ಮಸ್ಕಿಯ ಬಂಡೆಯ ಬಳಿಗೆ ಕರೆದೊಯ್ದು ಕಳಿಂಗದ ಲೆಕ್ಕವನ್ನು ಓದಿ ಹೇಳಲಿ.

ಈಗಾಗಲೇ ಪೆಟ್ಟಿಗೆ ಮನೆಗೆ ಬಂದಿದೆಯೆ? ಮಗುವಿನ ಕೈಯಿಂದ ಕಿತ್ತುಕೊಳ್ಳಬೇಡಿರಿ. ಕಿತ್ತುಕೊಳ್ಳುವುದೂ ಒಂದು ಆಕ್ರಮಣವೇ. ಪಕ್ಕದಲ್ಲಿ ಕುಳಿತುಕೊಳ್ಳಿರಿ. ಅದು ಒಂದು ನಗರವನ್ನು ಗೆದ್ದು ಕುಣಿದಾಗ ಮೆಲ್ಲಗೆ ಕೇಳಿರಿ: “ಅಲ್ಲಿದ್ದ ಜನ ಈಗ ಎಲ್ಲಿಗೆ ಹೋದರಪ್ಪ?” ಉತ್ತರ ಹುಡುಕುವ ಹೊತ್ತಿನಲ್ಲಿ ಅದರ ಕೈ ದಾಳದಿಂದ ಹಿಂದೆ ಸರಿದರೆ, ಹತ್ತು ದಿನಗಳ ಶಿಬಿರದಲ್ಲಿ ನಾವು ಕಲಿಸಿದ್ದು ವ್ಯರ್ಥವಾಗಲಿಲ್ಲ.