‘ಬಿಂಗೊ’ ಎನ್ನಲು ನಾಚಿಕೆ ಯಾಕೆ?

ರೆಸ್ಯೂಮೆ ಬರೆಯುವಾಗ ನಾವೆಲ್ಲ ತಪ್ಪದೇ ಸೇರಿಸುವ ಪದ ಒಂದಿದೆ: ‘ಟೀಮ್ ಪ್ಲೇಯರ್’. ಕ್ಯಾಂಪಸ್ ಸಂದರ್ಶನಕ್ಕೆ ಹೋಗಿ ಬಂದ ಸೀನಿಯರ್‌ಗಳನ್ನು ಕೇಳಿ ನೋಡಿ, ‘ತಂಡದಲ್ಲಿ ಕೆಲಸ ಮಾಡಿದ ಅನುಭವ ಹೇಳಿ’ ಎಂಬ ಪ್ರಶ್ನೆ ಬಂದೇ ಬರುತ್ತದೆ ಅನ್ನುತ್ತಾರೆ. ಉತ್ತರವೂ ಸಿದ್ಧವಾಗಿರುತ್ತದೆ: ನಾಲ್ಕು ಜನ ಸೇರಿ ಮಾಡಿದ ಮಿನಿ ಪ್ರಾಜೆಕ್ಟ್. ಆ ಪ್ರಾಜೆಕ್ಟ್‌ನ ಒಳಗುಟ್ಟು ನಮಗೆಲ್ಲ ಗೊತ್ತಿದ್ದದ್ದೇ. ಕೋಡ್ ಬರೆದವನು ಒಬ್ಬ, ರಿಪೋರ್ಟ್ ಟೈಪ್ ಮಾಡಿದವಳು ಒಬ್ಬಳು, ಉಳಿದಿಬ್ಬರು ವೈವಾ ದಿನ ಬೆಳಿಗ್ಗೆ ಪಿಪಿಟಿ ಓದಿಕೊಂಡು ಬಂದವರು. ಮುಖಪುಟದಲ್ಲಿ ಮಾತ್ರ ನಾಲ್ಕೂ ಯುಎಸ್‌ಎನ್ ಒಟ್ಟಿಗೇ ಅಚ್ಚಾಗಿರುತ್ತವೆ.

ತಂಡ ಅಂದರೇನು ಎಂಬುದನ್ನು ನಾನು ಕಲಿಯುತ್ತಿರುವುದು ಬೇರೆಯೇ ಜಾಗದಲ್ಲಿ. ‘ಬರೀ ಗೇಮ್’ ಎಂದು ಅಮ್ಮ ಬೈಯುವ ಜಾಗ ಅದು. ಒಂದೂವರೆ ವರ್ಷದಿಂದ ನಾನು ಆನ್‌ಲೈನ್ ಯುದ್ಧವಿಮಾನ ಸಿಮ್ಯುಲೇಟರ್ ಸ್ಕ್ವಾಡ್ರನ್ ಒಂದರ ಸದಸ್ಯ. ನಾವು ಹನ್ನೆರಡು ಜನ. ಕಾಲೇಜು ಹುಡುಗರಿದ್ದಾರೆ, ದಾವಣಗೆರೆಯ ಬ್ಯಾಂಕ್ ಉದ್ಯೋಗಿಯೊಬ್ಬರಿದ್ದಾರೆ, ಪುಣೆಯಲ್ಲಿ ಕೆಲಸ ಮಾಡುವ ಅಕ್ಕ ಒಬ್ಬರಿದ್ದಾರೆ. ಹೆಚ್ಚಿನವರ ಮುಖ ನಾನು ನೋಡಿಯೇ ಇಲ್ಲ, ದನಿ ಮಾತ್ರ ಗೊತ್ತು. ಪ್ರತಿ ಶನಿವಾರ ರಾತ್ರಿ ಹತ್ತಕ್ಕೆ ಹೆಡ್‌ಸೆಟ್ ಹಾಕಿಕೊಂಡು ‘ಡಿಸಿಎಸ್ ವರ್ಲ್ಡ್’ನಲ್ಲಿ ಹಾರುತ್ತೇವೆ.

ಇದು ಗುಂಡಿ ಒತ್ತಿದ ಕೂಡಲೇ ಗುಂಡು ಹಾರುವ ಆಟವಲ್ಲ. ಎಫ್-16ರಂಥ ವಿಮಾನದಲ್ಲಿ ಕುಳಿತರೆ ಒಂದೊಂದೇ ಸ್ವಿಚ್ ಹಾಕಿ, ಎಂಜಿನ್ ಚಾಲೂ ಮಾಡಿ, ನ್ಯಾವಿಗೇಷನ್ ವ್ಯವಸ್ಥೆ ಸಿದ್ಧವಾಗಿ ರನ್‌ವೇಗೆ ಬರುವಷ್ಟರಲ್ಲಿ ಹತ್ತು ನಿಮಿಷ ಕಳೆದಿರುತ್ತದೆ. ಆಕಾಶಕ್ಕೆ ಏರಿದ ಮೇಲೆ ಮೊದಲು ಅರಿವಾಗುವ ಸತ್ಯ ಒಂದೇ. ನಿನ್ನ ಬೆನ್ನು ನಿನಗೆ ಕಾಣುವುದಿಲ್ಲ. ಅದನ್ನು ಇನ್ನೊಬ್ಬರು ನೋಡಬೇಕು. ಅದಕ್ಕೇ ಯಾರೂ ಒಂಟಿಯಾಗಿ ಹಾರುವುದಿಲ್ಲ. ಒಬ್ಬ ಲೀಡ್, ಜೊತೆಗೊಬ್ಬ ವಿಂಗ್‌ಮನ್.

ಈ ಜೋಡಿಯ ಬೆಲೆ ಇತಿಹಾಸದಲ್ಲೂ ಇದೆ. ಎರಡನೇ ಮಹಾಯುದ್ಧದ ಆರಂಭದಲ್ಲಿ ಜಪಾನಿನ ಝೀರೋ ವಿಮಾನ ಅಮೆರಿಕ ನೌಕಾಪಡೆಯ ವೈಲ್ಡ್‌ಕ್ಯಾಟ್‌ಗಿಂತ ಚುರುಕಾಗಿ ತಿರುಗುತ್ತಿತ್ತು, ವೇಗವಾಗಿ ಮೇಲೇರುತ್ತಿತ್ತು. ಜಾನ್ ಥ್ಯಾಚ್ ಎಂಬ ಪೈಲಟ್ ರಾತ್ರಿ ಹೊತ್ತು ಮನೆಯ ಮೇಜಿನ ಮೇಲೆ ಬೆಂಕಿಕಡ್ಡಿಗಳನ್ನು ಜೋಡಿಸಿ ಇದಕ್ಕೊಂದು ಉಪಾಯ ಹುಡುಕಿದರು. ಎರಡು ವಿಮಾನಗಳು ಪಕ್ಕಪಕ್ಕದಲ್ಲಿ ಅಂತರ ಇಟ್ಟುಕೊಂಡು ಹಾರಬೇಕು. ಒಂದರ ಹಿಂದೆ ಶತ್ರು ಬಿದ್ದರೆ ಎರಡೂ ಒಂದರತ್ತ ಇನ್ನೊಂದು ತಿರುಗಬೇಕು. ಆಗ ಬೆನ್ನಟ್ಟಿ ಬಂದವನು ನೇರವಾಗಿ ಜೊತೆಗಾರನ ಬಂದೂಕಿನ ಎದುರಿಗೆ ಬರುತ್ತಾನೆ. 1942ರ ಜೂನ್‌ನಲ್ಲಿ ಮಿಡ್‌ವೇ ಕದನದಲ್ಲಿ ಥ್ಯಾಚ್ ಇದನ್ನು ಪ್ರಯೋಗಿಸಿ ಬದುಕಿ ಬಂದರು. ವಿಮಾನ ಬದಲಾಗಿರಲಿಲ್ಲ, ಎಂಜಿನ್ ಬದಲಾಗಿರಲಿಲ್ಲ. ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಳ್ಳುವ ರೀತಿ ಬದಲಾಗಿತ್ತು, ಅಷ್ಟೇ.

ಇಲ್ಲ ಎನ್ನಲೂ ಒಂದು ಪದ

ಆದರೆ ನನ್ನನ್ನು ಹೆಚ್ಚು ಸೆಳೆದದ್ದು ರೇಡಿಯೊ ಭಾಷೆ. ಸಮಯ ಕಡಿಮೆ ಇರುವುದರಿಂದ ನಿಜವಾದ ವಾಯುಪಡೆಗಳಲ್ಲಿ ಬಳಸುವ ಚುಟುಕು ಪದಗಳನ್ನೇ ನಾವೂ ಬಳಸುತ್ತೇವೆ. ಶತ್ರು ಕಂಡರೆ ‘ಟ್ಯಾಲಿ’, ಕಾಣದಿದ್ದರೆ ‘ನೋ ಜಾಯ್’. ಜೊತೆಗಾರ ಕಾಣುತ್ತಿದ್ದರೆ ‘ವಿಷುಯಲ್’, ಕಣ್ಣಿಂದ ಮರೆಯಾದರೆ ‘ಬ್ಲೈಂಡ್’. ಮದ್ದುಗುಂಡು ಖಾಲಿಯಾದರೆ ‘ವಿಂಚೆಸ್ಟರ್’. ವಾಪಸ್ ಹೋಗಲು ಬೇಕಾದಷ್ಟೇ ಇಂಧನ ಉಳಿದಿದ್ದರೆ ‘ಬಿಂಗೊ’. ಅದಕ್ಕೂ ಸ್ವಲ್ಪ ಮೊದಲೇ, ‘ಇನ್ನು ಹೊರಡುವ ಯೋಚನೆ ಮಾಡೋಣ’ ಎಂದು ಎಚ್ಚರಿಸಲು ‘ಜೋಕರ್’.

ಈ ಪಟ್ಟಿಯನ್ನು ಇನ್ನೊಮ್ಮೆ ಓದಿ. ಇದರಲ್ಲಿ ಅರ್ಧಕ್ಕರ್ಧ ಪದಗಳು ‘ನನಗೆ ಕಾಣುತ್ತಿಲ್ಲ’, ‘ನನ್ನ ಹತ್ತಿರ ಇಲ್ಲ’, ‘ನನ್ನಿಂದ ಇನ್ನು ಆಗುವುದಿಲ್ಲ’ ಎಂದು ಹೇಳುವುದಕ್ಕೇ ಇವೆ. ಅದನ್ನು ಹೇಳುವಾಗ ಯಾರೂ ಕ್ಷಮೆ ಕೇಳುವುದಿಲ್ಲ, ಕೇಳಿಸಿಕೊಂಡವರು ನಗುವುದೂ ಇಲ್ಲ. ‘ಬ್ಲೈಂಡ್’ ಎಂದ ಕೂಡಲೇ ಲೀಡ್ ತಾನು ಎಲ್ಲಿದ್ದೇನೆ ಎಂದು ತಿಳಿಸುತ್ತಾರೆ. ‘ಬಿಂಗೊ’ ಎಂದರೆ ಗೆಲ್ಲುವ ಹಂತದಲ್ಲಿದ್ದರೂ ಜೋಡಿಯೇ ಹಿಂದಿರುಗುತ್ತದೆ. ಕಾಣದಿದ್ದರೂ ಕಂಡಂತೆ ನಟಿಸುವ ಪೈಲಟ್ ಶತ್ರುವಿಗಿಂತ ಅಪಾಯಕಾರಿ. ಅವನು ತನ್ನ ಜೊತೆಗಾರನಿಗೇ ಡಿಕ್ಕಿ ಹೊಡೆಯಬಲ್ಲ.

ನಮ್ಮ ತರಗತಿಗಳಲ್ಲಿ ಈ ಪದಗಳೇ ಇಲ್ಲ. ‘ಅರ್ಥ ಆಯ್ತಾ?’ ಎಂದು ಕೇಳಿದರೆ ಅರವತ್ತು ತಲೆಗಳೂ ಅಲ್ಲಾಡುತ್ತವೆ. ಪ್ರಾಜೆಕ್ಟ್ ಗುಂಪಿನಲ್ಲಿ ತನ್ನ ಭಾಗ ಮುಗಿಯುವುದಿಲ್ಲ ಎಂದು ಗೊತ್ತಿದ್ದವನು ಕೊನೆಯ ರಾತ್ರಿಯವರೆಗೂ ‘ಆಗ್ತಾ ಇದೆ ಮಗಾ’ ಎನ್ನುತ್ತಾನೆ. ಅವನು ಸೋಮಾರಿ ಎಂದುಕೊಳ್ಳುತ್ತೇವೆ. ಎಷ್ಟೋ ಸಲ ಅವನಿಗಿರುವುದು ಸೋಮಾರಿತನವಲ್ಲ, ಗೊತ್ತಿಲ್ಲ ಎಂದರೆ ಎಲ್ಲಿ ಮರ್ಯಾದೆ ಹೋಗುತ್ತದೋ ಎಂಬ ಭಯ.

ಈ ಮೌನದ ಬೆಲೆ ಎಷ್ಟು ದೊಡ್ಡದಾಗಬಹುದು ಎಂಬುದನ್ನು ವಿಮಾನಯಾನ ಲೋಕ ಬಹಳ ಕಷ್ಟದಿಂದ ಕಲಿತಿದೆ. 1977ರ ಮಾರ್ಚ್ 27ರಂದು ಸ್ಪೇನ್‌ಗೆ ಸೇರಿದ ಟೆನೆರಿಫ್ ದ್ವೀಪದ ರನ್‌ವೇ ಮೇಲೆ ಮಂಜಿನ ನಡುವೆ ಎರಡು ಬೋಯಿಂಗ್ 747 ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಇನ್ನೊಂದು ವಿಮಾನ ರನ್‌ವೇ ಬಿಟ್ಟು ಹೋಗಿದೆಯೋ ಇಲ್ಲವೋ ಎಂಬ ಅನುಮಾನ ಟೇಕಾಫ್‌ಗೆ ಓಡುತ್ತಿದ್ದ ವಿಮಾನದ ಫ್ಲೈಟ್ ಎಂಜಿನಿಯರ್‌ಗೆ ಬಂದಿತ್ತು. ಅವರು ಕೇಳಿದರು ಕೂಡ. ಅನುಭವಿ ಕ್ಯಾಪ್ಟನ್ ಹೋಗಿದೆ ಎಂದು ಖಚಿತವಾಗಿ ಹೇಳಿದ ಮೇಲೆ ಮಾತು ಅಲ್ಲಿಗೇ ನಿಂತಿತು. ಇಂಥ ದುರಂತಗಳ ನಂತರವೇ ಕಿರಿಯರು ಧೈರ್ಯವಾಗಿ ಹೇಳುವುದನ್ನು, ಹಿರಿಯರು ಕೇಳಿಸಿಕೊಳ್ಳುವುದನ್ನು ಪೈಲಟ್‌ಗಳಿಗೆ ಒಂದು ಪಾಠವಾಗಿಯೇ ಕಲಿಸತೊಡಗಿದರು. ಮಾತಾಡುವುದೂ ತರಬೇತಿಯಿಂದ ಬರುವ ಕೌಶಲ ಎಂಬುದನ್ನು ನಮ್ಮ ಕಾಲೇಜುಗಳು ಇನ್ನೂ ಒಪ್ಪಿಕೊಂಡಂತಿಲ್ಲ.

ಯಾರು ಅಲ್ಲ, ಏನು

ನಮ್ಮ ಶನಿವಾರದ ಹಾರಾಟ ಒಂದೂವರೆ ಗಂಟೆಯದ್ದಾದರೆ, ಆಮೇಲಿನ ಚರ್ಚೆ ಮುಕ್ಕಾಲು ಗಂಟೆಯದ್ದು. ‘ಟ್ಯಾಕ್‌ವ್ಯೂ’ ಎಂಬ ಸಾಫ್ಟ್‌ವೇರ್‌ನಲ್ಲಿ ಇಡೀ ಹಾರಾಟ ದಾಖಲಾಗಿರುತ್ತದೆ. ಯಾರು ಯಾವ ಸೆಕೆಂಡಿನಲ್ಲಿ ಎಷ್ಟು ಎತ್ತರದಲ್ಲಿದ್ದರು ಎಂಬುದನ್ನೆಲ್ಲ ಹಿಂದೆ ಮುಂದೆ ಮಾಡಿ ನೋಡಬಹುದು. ಇಲ್ಲಿ ನಮ್ಮದೊಂದು ನಿಯಮವಿದೆ. ಲೀಡ್ ಮೊದಲು ತನ್ನ ತಪ್ಪು ಹೇಳಬೇಕು. ಆಮೇಲೆ ಉಳಿದವರು. ‘ಯಾರಿಂದ ಆಯಿತು’ ಎಂಬ ಪ್ರಶ್ನೆ ಇಲ್ಲ, ‘ಏನಾಯಿತು, ಮುಂದಿನ ವಾರ ಏನು ಮಾಡೋಣ’ ಎಂಬುದಷ್ಟೇ. ನಲವತ್ತು ದಾಟಿದ ಬ್ಯಾಂಕ್ ಉದ್ಯೋಗಿಗೆ ಹತ್ತೊಂಬತ್ತರ ಹುಡುಗ, ‘ಅಣ್ಣಾ, ನೀವು ತಿರುಗುವ ಮೊದಲು ಹೇಳಲೇ ಇಲ್ಲ’ ಎನ್ನುತ್ತಾನೆ. ಅವರು ‘ಹೌದಪ್ಪಾ, ಹೇಳಬೇಕಿತ್ತು’ ಎನ್ನುತ್ತಾರೆ. ಅಲ್ಲಿಗೆ ಮುಗಿಯಿತು.

ಇದು ಪರದೆಯಾಚೆಗೂ ಬರುತ್ತದೆಯೇ? ಬರುತ್ತದೆ. ಕಳೆದ ಸೆಮಿಸ್ಟರ್‌ನಲ್ಲಿ ಆ ಹುಡುಗ ಮೂರು ಶನಿವಾರ ಕಾಣಿಸಲಿಲ್ಲ. ಮೆಸೇಜ್‌ಗೂ ಉತ್ತರವಿಲ್ಲ. ಅವನ ಲೀಡ್ ಆಗಿದ್ದ ದಾವಣಗೆರೆಯ ಅಣ್ಣ ಫೋನ್ ಮಾಡಿದರು. ಎರಡು ವಿಷಯ ಬ್ಯಾಕ್ ಉಳಿದಿದ್ದವು, ಮನೆಯಲ್ಲಿ ಹೇಳಿರಲಿಲ್ಲ, ಪಿಜಿಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದ. ‘ಏನಪ್ಪಾ, ಬಿಂಗೊ ಆಗಿದ್ರೆ ಹೇಳಬಾರದಾ?’ ಎಂದಷ್ಟೇ ಅವರು ಕೇಳಿದರಂತೆ. ‘ಬಿಂಗೊ ದಾಟಿ ಹೋಗಿದೆ ಅಣ್ಣಾ’ ಎಂದನಂತೆ ಇವನು. ಮುಂದಿನ ಒಂದೂವರೆ ತಿಂಗಳು ಅದೇ ಹೆಡ್‌ಸೆಟ್‌ನಲ್ಲಿ ಪುಣೆಯ ಅಕ್ಕ ವಾರಕ್ಕೆರಡು ದಿನ ಅವನಿಗೆ ಗಣಿತ ಹೇಳಿಕೊಟ್ಟರು. ಒಂದು ವಿಷಯ ಪಾಸಾಗಿದೆ, ಇನ್ನೊಂದು ಬಾಕಿ ಇದೆ. ಮನೆಯಲ್ಲೂ ಹೇಳಿದ್ದಾನೆ. ಕಾಲೇಜಿನಲ್ಲಿ ಅವನ ಪಕ್ಕದ ಬೆಂಚಿನವರಿಗೆ ಇದು ಯಾವುದೂ ಗೊತ್ತಿರಲಿಲ್ಲ. ಅವರು ಕೆಟ್ಟವರಲ್ಲ. ಪಕ್ಕದವನ ಬೆನ್ನು ನೋಡುವುದು ತಮ್ಮ ಕೆಲಸ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಎಲ್ಲರೂ ಸಿಮ್ಯುಲೇಟರ್ ಹಾಕಿಕೊಳ್ಳಿ ಎನ್ನುವುದು ನನ್ನ ಮಾತಲ್ಲ. ಡಿಸಿಎಸ್‌ನಲ್ಲಿ ಎರಡು ವಿಮಾನ ಉಚಿತ, ನಿಜ. ಆದರೆ ಒಳ್ಳೆಯ ಕಂಪ್ಯೂಟರ್ ಬೇಕು, ಜಾಯ್‌ಸ್ಟಿಕ್ ಬೇಕು, ಸಮಯವಂತೂ ಸಿಕ್ಕಾಪಟ್ಟೆ ಬೇಕು. ಪರೀಕ್ಷೆಯ ವಾರಗಳಲ್ಲಿ ಯಾರೂ ಹಾರುವಂತಿಲ್ಲ ಎಂದು ನಾವೇ ಕಟ್ಟು ಮಾಡಿಕೊಂಡಿದ್ದೇವೆ. ಯುದ್ಧವನ್ನು ಆಟ ಮಾಡಿಕೊಳ್ಳುವುದು ಸರಿಯೇ ಎಂದು ಕೇಳುವವರ ಪ್ರಶ್ನೆಯೂ ನ್ಯಾಯವಾದದ್ದೇ. ನಮ್ಮ ಪರದೆಯ ಮೇಲೆ ಸತ್ತವನು ಇನ್ನೊಂದು ಗುಂಡಿ ಒತ್ತಿ ಎದ್ದು ಬರುತ್ತಾನೆ, ನಿಜವಾದ ಆಕಾಶದಲ್ಲಿ ಹಾಗಾಗುವುದಿಲ್ಲ ಎಂಬುದನ್ನು ನಾವು ಮರೆಯಬಾರದು. ಇದೇ ಪಾಠ ಕಬಡ್ಡಿ ಅಂಗಳದಲ್ಲಿ, ನಾಟಕದ ತಂಡದಲ್ಲಿ, ಎನ್‌ಎಸ್‌ಎಸ್ ಶಿಬಿರದಲ್ಲೂ ಸಿಗುತ್ತದೆ.

ಏರೋ ಇಂಡಿಯಾ ನೋಡಲು ಯಲಹಂಕಕ್ಕೆ ಹೋದವರು, ಬೀದರ್‌ನಿಂದ ಬರುವ ಸೂರ್ಯಕಿರಣ ತಂಡದ ಒಂಬತ್ತು ವಿಮಾನಗಳು ಒಂದಕ್ಕೊಂದು ತಾಗಿಕೊಂಡಂತೆ ಹಾರುವುದನ್ನು ಕಂಡು ಚಪ್ಪಾಳೆ ತಟ್ಟುತ್ತೇವೆ. ಅಷ್ಟು ಹತ್ತಿರ ಹಾರಲು ಕೈಚಳಕ ಮಾತ್ರ ಸಾಲದು. ಪಕ್ಕದವನು ನಟಿಸುತ್ತಿಲ್ಲ ಎಂಬ ನಂಬಿಕೆಯೂ ಬೇಕು.

ಆ ನಂಬಿಕೆ ನಮ್ಮ ನಡುವೆಯೂ ಬೆಳೆಯಲಿ. ಮುಂದಿನ ಪ್ರಾಜೆಕ್ಟ್ ಗುಂಪು ಮಾಡಿಕೊಳ್ಳುವಾಗ ಯಾರು ಚೆನ್ನಾಗಿ ಕೋಡ್ ಬರೆಯುತ್ತಾರೆ ಎಂದು ಮಾತ್ರ ನೋಡಬೇಡಿ. ಮೊದಲ ದಿನವೇ ಕೂತು, ‘ಕಷ್ಟವಾದರೆ ಮೊದಲೇ ಹೇಳೋಣ, ಹೇಳಿದವರನ್ನು ಯಾರೂ ಆಡಿಕೊಳ್ಳುವುದು ಬೇಡ’ ಎಂದು ಒಪ್ಪಂದ ಮಾಡಿಕೊಳ್ಳಿ. ಕೆಲಸ ಹುಡುಕಿ ಹುಡುಕಿ ಸುಸ್ತಾದ ಗೆಳೆಯ ಗ್ರೂಪ್‌ನಲ್ಲಿ ಮೌನವಾಗಿದ್ದರೆ ನೀವೇ ಒಂದು ಫೋನ್ ಮಾಡಿ. ಸುಸ್ತಾದವರು ನೀವೇ ಆಗಿದ್ದರೆ, ಟ್ಯಾಂಕ್ ಪೂರ್ತಿ ಖಾಲಿಯಾಗುವ ಮೊದಲೇ ಯಾರಿಗಾದರೂ ಹೇಳಿ. ‘ಬಿಂಗೊ’ ಎಂದವರು ಸೋತವರಲ್ಲ. ವಾಪಸ್ ಬಂದು, ಇಂಧನ ತುಂಬಿಸಿಕೊಂಡು, ಮತ್ತೆ ಹಾರುವವರು ಅವರೇ.