ಕೂಸಿನ ಪಾಲು ಕೈತಪ್ಪದಿರಲಿ

ಹೊಸದಾಗಿ ಸಂಸಾರ ಹೂಡಿ ಮೊದಲ ಮಗುವನ್ನು ಮಡಿಲಿಗಿಟ್ಟುಕೊಂಡ ದಂಪತಿಗಳಿಗೆ ಮೂರು ಚಿಂತೆಗಳು ಒಮ್ಮೆಗೇ ಎದುರಾಗುತ್ತವೆ. ಬಾಣಂತನದ ಖರ್ಚು ಒಂದು. ಸ್ವಂತದ ಸೂರು ಎರಡನೆಯದು. ತಾಯಿ ಕೂಲಿಗೆ ಹೊರಟರೆ ಕೂಸನ್ನು ನೋಡಿಕೊಳ್ಳುವವರು ಯಾರೆಂಬುದು ಮೂರನೆಯದು. ಈ ಮೂರಕ್ಕೂ ಕೇಂದ್ರ ಮತ್ತು ರಾಜ್ಯ ಸರಕಾರಗಳು ಇಂದು ಒಂದಿಷ್ಟು ನೆರವನ್ನು ಏರ್ಪಡಿಸಿವೆ. ಹೆರಿಗೆಯ ಕಾಲದಲ್ಲಿ ತಾಯಿಗೆ ನೆರವೀಯಬೇಕೆಂದು ಸಂವಿಧಾನದ 42ನೆಯ ವಿಧಿಯೇ ರಾಜ್ಯಕ್ಕೆ ನಿರ್ದೇಶಿಸಿರುವುದರಿಂದ, ಇದನ್ನು ಯಾರೊಬ್ಬರ ದಯೆಯೆಂದು ತಿಳಿಯಬೇಕಾಗಿಲ್ಲ. ಇದು ಕೂಸಿನ ಪಾಲು. ಹಾಗಿದ್ದೂ ಕಾಸರಗೋಡು, ತಾಳವಾಡಿ, ಅಕ್ಕಲಕೋಟೆ, ಮಡಕಶಿರಗಳ ಕನ್ನಡದ ಮನೆಗಳಲ್ಲಿ ಈ ಪಾಲು ಕೈತಪ್ಪುವ ಭಯ ಹೆಚ್ಚು. ಅರ್ಜಿಯ ನಮೂನೆಯನ್ನು ಓದಲಾರದವನು ಅದರ ಕೊನೆಯ ದಿನವನ್ನೂ ಅರಿಯಲಾರನು. ಯಾವ ಊರು ಯಾವ ರಾಜ್ಯಕ್ಕೆ ಸೇರಬೇಕೆಂಬ ವಾದಕ್ಕೆ ಇಲ್ಲಿ ಎಡೆಯಿಲ್ಲ. ಕೂಸಿನ ಹಸಿವು ಆ ವಾದ ಮುಗಿಯುವವರೆಗೆ ಕಾಯಲಾರದು.

ಮೊದಲು ಹಣದ ಮಾತು. 2017ರ ಜನವರಿ 1ರಿಂದ ಜಾರಿಯಲ್ಲಿರುವ ಪ್ರಧಾನಮಂತ್ರಿ ಮಾತೃವಂದನಾ ಯೋಜನೆಯು ಇಡೀ ದೇಶಕ್ಕೆ ಸಂಬಂಧಿಸಿದ್ದು. ಮೊದಲ ಮಗುವಿಗೆ 5,000 ರೂಪಾಯಿ. 2022ರಿಂದ ಈಚೆಗೆ, ಎರಡನೆಯದು ಹೆಣ್ಣುಮಗುವಾದರೆ 6,000 ರೂಪಾಯಿ. ಹಣವು ತಾಯಿಯ ಹೆಸರಿನ ಖಾತೆಗೇ ಬರತಕ್ಕದ್ದು. ಮೊದಲ ಮಗುವಿನ 3,000ಕ್ಕೆ ಬಸಿರಿಯ ನೋಂದಣಿಯೂ ಆರೋಗ್ಯ ತಪಾಸಣೆಯೂ ಆಗಿರಬೇಕು; ಉಳಿದ 2,000ಕ್ಕೆ ಜನನದ ನೋಂದಣಿಯೂ ಮೊದಲ ಸುತ್ತಿನ ಲಸಿಕೆಯೂ ಆಗಿರಬೇಕು.

ಇದಲ್ಲದೆ ಆಯಾ ರಾಜ್ಯದ ನೆರವುಗಳೂ ಉಂಟು. ತಾಳವಾಡಿ, ಹೊಸೂರು, ನೀಲಗಿರಿಗಳ ಬಡ ಕುಟುಂಬಗಳ ತಾಯಂದಿರಿಗೆ ತಮಿಳುನಾಡಿನ ಡಾ. ಮುತ್ತುಲಕ್ಷ್ಮಿ ರೆಡ್ಡಿ ಹೆರಿಗೆ ನೆರವಿನ ಯೋಜನೆಯಲ್ಲಿ, ಮೊದಲ ಎರಡು ಹೆರಿಗೆಗಳಿಗೆ ತಲಾ 18,000 ರೂಪಾಯಿಗಳ ಸಹಾಯವಿದೆ. ಇದರಲ್ಲಿ 14,000 ನಗದು, ಮಿಕ್ಕದ್ದು ಪೌಷ್ಟಿಕ ಪದಾರ್ಥಗಳು. ಕೇಂದ್ರದ ಹಣವೂ ಇದರಲ್ಲಿಯೇ ಸೇರಿದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತಗಳಲ್ಲಿ ಹಳದಿ ಅಥವಾ ಕಿತ್ತಳೆ ಬಣ್ಣದ ಪಡಿತರ ಚೀಟಿಯುಳ್ಳ ಕುಟುಂಬದಲ್ಲಿ 2023ರ ಏಪ್ರಿಲ್ 1ರ ತರುವಾಯ ಹುಟ್ಟಿದ ಹೆಣ್ಣುಮಗುವಿಗೆ ಮಹಾರಾಷ್ಟ್ರದ ‘ಲೇಕ್ ಲಾಡಕಿ’ ಯೋಜನೆಯಿದೆ. ಹುಟ್ಟಿದಾಗ 5,000 ರೂಪಾಯಿಯಿಂದ ಮೊದಲ್ಗೊಂಡು, ಆಕೆಗೆ 18 ತುಂಬಿದಾಗ 75,000 ಸೇರಿ, ಒಟ್ಟು 1,01,000 ರೂಪಾಯಿ ಕಂತುಗಳಲ್ಲಿ ದೊರೆಯುತ್ತದೆ. ಕಾರ್ಖಾನೆ ಮೊದಲಾದ ಕಡೆಗಳಲ್ಲಿ ದುಡಿಯುವ ತಾಯಂದಿರಿಗೆ ಕಾನೂನಿನ ಮೇರೆಗೆ ಸಿಗುತ್ತಿದ್ದ 12 ವಾರಗಳ ಸಂಬಳಸಹಿತ ರಜೆಯು 2017ರಲ್ಲಿ, ಮೊದಲ ಎರಡು ಮಕ್ಕಳ ಮಟ್ಟಿಗೆ, 26 ವಾರಗಳಿಗೇರಿತು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿಯೂ ಅದೇ ಅವಧಿ ಉಳಿದಿದೆ. ಹೊಲದ ಕೂಲಿಯ ತಾಯಿಗೆ ಈ ರಜೆಯಿಲ್ಲ. ಅವಳ ಪಾಲಿಗೆ ಮೇಲೆ ಹೇಳಿದ ಹಣವೇ ಆಸರೆ. ಆದಕಾರಣ ಅದನ್ನು ಕಳೆದುಕೊಳ್ಳುವುದು ಇನ್ನಷ್ಟು ಅನ್ಯಾಯ.

ಗಡಿನಾಡಿನಲ್ಲಿ ಒಂದು ವಿಶೇಷ ತೊಡಕುಂಟು. ಚೊಚ್ಚಲು ಹೆರಿಗೆಗೆ ತವರಿಗೆ ಹೋಗುವುದು ನಮ್ಮ ವಾಡಿಕೆ. ಗಂಡನ ಮನೆ ಜತ್ತದಲ್ಲಿದ್ದು ತವರು ವಿಜಯಪುರದ ಕಡೆಯಾದರೆ, ಮಗು ಹುಟ್ಟುವುದು ಬೇರೊಂದು ರಾಜ್ಯದಲ್ಲಿ. ಜನನವನ್ನು ಹುಟ್ಟಿದ ಸ್ಥಳದಲ್ಲಿಯೇ ನೋಂದಾಯಿಸಬೇಕು. 21 ದಿನಗಳೊಳಗಾದರೆ ಶುಲ್ಕವಿಲ್ಲ. ಬಾಣಂತನ ಮುಗಿಸಿ ಹಿಂದಿರುಗಿದ ಮೇಲೆ ನೋಡಿಕೊಳ್ಳೋಣವೆಂದು ಬಿಟ್ಟರೆ ಅವಧಿ ಮೀರುತ್ತದೆ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದವರಿಗೆ ಶಾಲೆಯ ಪ್ರವೇಶ ಮುಂತಾದ ಕಾರ್ಯಗಳಲ್ಲಿ ಈ ಪ್ರಮಾಣಪತ್ರವೇ ಜನನದ ಆಧಾರವಾಗಿರುವುದರಿಂದ ಉದಾಸೀನ ಸಲ್ಲದು. ತಾಯಿಯ ಹೆಸರು ಆಧಾರ್ ಚೀಟಿಯಲ್ಲಿ ಒಂದು ಬಗೆ, ಬ್ಯಾಂಕಿನ ಪುಸ್ತಕದಲ್ಲಿ ಇನ್ನೊಂದು ಬಗೆಯಾಗಿ ಬರೆಯಲ್ಪಟ್ಟಿದ್ದರೆ, ಹೆರಿಗೆಗೆ ಮುನ್ನವೇ ತಿದ್ದಿಸಿಕೊಳ್ಳುವುದು ಲೇಸು. ಒಂದು ಲಿಪಿಯಿಂದ ಮತ್ತೊಂದು ಲಿಪಿಗೆ ಹೋಗುವ ನಮ್ಮ ಹೆಸರುಗಳು ಕೆಡುವುದು ಸುಲಭ.

ಇನ್ನು ಮನೆ. ಗ್ರಾಮೀಣ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಸೀಮೆಗೆ 1,20,000, ಗುಡ್ಡಗಾಡಿಗೆ 1,30,000 ರೂಪಾಯಿಗಳ ಸಹಾಯವಿದ್ದು, ಕೇರಳದ ‘ಲೈಫ್’ ಯೋಜನೆಯು 4 ಲಕ್ಷ ರೂಪಾಯಿಗಳನ್ನು ನಿಗದಿಪಡಿಸಿದೆ. ಆದರೆ ಕೇಂದ್ರದ ಯೋಜನೆಯು 2016ರಲ್ಲಿ ಆರಂಭವಾದಾಗ ಆಧಾರವಾಗಿ ಹಿಡಿದದ್ದು 2011ರ ಸಮೀಕ್ಷೆಯನ್ನು. ಆಗ ಶಾಲೆಗೆ ಹೋಗುತ್ತಿದ್ದ ಹುಡುಗ ಹುಡುಗಿಯರೇ ಇಂದಿನ ತಾಯಿತಂದೆಯರು. ಆ ಪಟ್ಟಿಯಲ್ಲಿ ಅವರು ಕುಟುಂಬವೆಂದು ದಾಖಲಾಗಿರುವುದಾದರೂ ಹೇಗೆ? ಬಿಟ್ಟುಹೋದವರನ್ನು ಸೇರಿಸಿಕೊಳ್ಳಲು ತರುವಾಯ ಸಮೀಕ್ಷೆಗಳು ನಡೆದಿವೆ. 2024ರಿಂದ 2029ರ ಅವಧಿಗೆ ಇನ್ನೂ 2 ಕೋಟಿ ಮನೆಗಳಿಗೆ ಒಪ್ಪಿಗೆ ದೊರೆತಿದೆ. ಬೇರೆ ಒಲೆ ಹೂಡಿದ ದಂಪತಿಗಳು ಪಡಿತರ ಚೀಟಿಯನ್ನು ಪ್ರತ್ಯೇಕ ಮಾಡಿಸಿಕೊಂಡು, ಪಟ್ಟಿಯಲ್ಲಿ ತಮ್ಮ ಹೆಸರಿದೆಯೇ ಎಂದು ಪಂಚಾಯತಿಯಲ್ಲಿ ವಿಚಾರಿಸತಕ್ಕದ್ದು.

ಮೂರನೆಯದು ಕೂಸಿನ ಪಾಲನೆ. 1975ರ ಅಕ್ಟೋಬರ್ 2ರಂದು ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯ ಫಲವೇ ಇಂದಿನ ಅಂಗನವಾಡಿ. ಬಸಿರಿಗೂ, ಹೆರಿಗೆಯ ಬಳಿಕ ಆರು ತಿಂಗಳವರೆಗೆ ಬಾಣಂತಿಗೂ, ಆರು ತಿಂಗಳಿನಿಂದ ಆರು ವರ್ಷದವರೆಗಿನ ಮಕ್ಕಳಿಗೂ ಅಲ್ಲಿ ಆಹಾರ ದೊರೆಯಬೇಕೆಂಬುದು 2013ರ ಆಹಾರ ಭದ್ರತಾ ಶಾಸನದ ವಿಧಿ. ದಿನವಿಡೀ ದುಡಿಯುವ ತಾಯಂದಿರಿಗಾಗಿ ಅಂಗನವಾಡಿಯೊಡನೆ ಶಿಶುಪಾಲನಾ ಕೇಂದ್ರವನ್ನೂ ನಡೆಸಲು 2022ರಿಂದ ‘ಪಾಲನಾ’ ಯೋಜನೆಯಿದೆ. ಕರ್ನಾಟಕವು ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ಗಳನ್ನು ತೆರೆಯಲು 2023ರಲ್ಲಿ ಮುಂದಾಯಿತು. ಇಂಥದೊಂದು ನಮ್ಮೂರಿಗೂ ಬೇಕೆಂದು ಗ್ರಾಮಸಭೆಯಲ್ಲಿ ಕೇಳಲು ಸಂಕೋಚವೇಕೆ?

ಮಗು ಮನೆಯ ಹೊಸ್ತಿಲು ದಾಟಿ ಕೇಳುವ ಮೊದಲ ಮಾತು ಅಂಗನವಾಡಿಯದು. ಅಲ್ಲಿ ಹಾಡು, ಕಥೆ, ಎಣಿಕೆಗಳು ತಿಳಿಯದ ನುಡಿಯಲ್ಲಿ ನಡೆದರೆ ಕೂಸು ಮೂಲೆಯಲ್ಲಿ ಮೂಕವಾಗಿ ಕುಳಿತುಕೊಳ್ಳುತ್ತದೆ. ಪ್ರಾಥಮಿಕ ಹಂತದ ಶಿಕ್ಷಣ ಮಾತೃಭಾಷೆಯಲ್ಲಿ ದೊರೆಯಲು ಅನುಕೂಲ ಕಲ್ಪಿಸಬೇಕೆಂದು 1956ರಲ್ಲಿ ಸಂವಿಧಾನಕ್ಕೆ ಸೇರಿದ 350-ಎ ವಿಧಿ ಹೇಳುತ್ತದೆ. ಅದರ ಆಶಯವು ಅಂಗನವಾಡಿಗೂ ಸಲ್ಲಬೇಕೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ರಾಜ್ಯದ ಭಾಷೆಯನ್ನು ನಮ್ಮ ಮಕ್ಕಳು ಕಲಿಯಲೇಬೇಕು, ಚೆನ್ನಾಗಿಯೇ ಕಲಿಯಲಿ. ಮೂರು ವರ್ಷದ ಕೂಸಿಗೆ ಮಾತ್ರ ತಾಯಿಯ ನುಡಿ ಮೊದಲಾಗಲಿ.

ಕನ್ನಡದಲ್ಲಿ ಕೇಳಿದರೆ ಯಾರು ಕಿವಿಗೊಡುತ್ತಾರೆಂದು ಹಲವರು ಅಂಜುತ್ತಾರೆ. ಕುಂದುಕೊರತೆಯ ನಿವಾರಣೆಗಾಗಿ ಆ ರಾಜ್ಯದಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲಾದರೂ ಮನವಿ ಸಲ್ಲಿಸಬಹುದೆಂದು 350ನೆಯ ವಿಧಿಯು ಪ್ರತಿಯೊಬ್ಬನಿಗೂ ಹಕ್ಕು ಕೊಟ್ಟಿದೆ. ಅಲ್ಪಸಂಖ್ಯಾತ ಭಾಷಿಕರು ಜನಸಂಖ್ಯೆಯಲ್ಲಿ ಶೇಕಡ 15ರಿಂದ 20ರಷ್ಟಿರುವ ಪ್ರದೇಶಗಳಲ್ಲಿ ಮುಖ್ಯ ಪ್ರಕಟಣೆಗಳನ್ನು ಅವರ ಭಾಷೆಯಲ್ಲಿಯೂ ಹೊರಡಿಸುವುದು ಒಳ್ಳೆಯದೆಂದು ಕೇಂದ್ರ ಸರಕಾರದ 1956ರ ಜ್ಞಾಪನ ಪತ್ರವು ತಿಳಿಸಿದೆ. ಇದಾವುದೂ ನಡೆಯದಿದ್ದಲ್ಲಿ ಭಾಷಾ ಅಲ್ಪಸಂಖ್ಯಾತರ ಆಯುಕ್ತರಿಗೆ ಬರೆಯಬಹುದು.

ಹಕ್ಕು ಕಾಗದದ ಮೇಲಿದ್ದರೆ ಸಾಲದು. ಎರಡೂ ಭಾಷೆಗಳನ್ನು ಬಲ್ಲ ತರುಣ ತರುಣಿಯರು ಪ್ರತಿ ಊರಿನಲ್ಲಿಯೂ ಇದ್ದಾರೆ. ವಾರಕ್ಕೊಂದು ಸಂಜೆ ಶಾಲೆಯ ಜಗಲಿಯ ಮೇಲೆ ಕುಳಿತು, ಊರಿನ ಬಸುರಿ ಬಾಣಂತಿಯರ ಪಟ್ಟಿ ಮಾಡಿ, ಅವರ ಅರ್ಜಿಗಳನ್ನು ತುಂಬಿಕೊಟ್ಟು, ಕೊಟ್ಟದ್ದಕ್ಕೆ ರಸೀದಿ ಪಡೆಯುವುದು ಅವರಿಂದ ಆಗದ ಕೆಲಸವಲ್ಲ. ಊರಿನ ಹಿರಿಯರು ಅವರ ಬೆನ್ನಿಗೆ ನಿಲ್ಲಲಿ. ಇದು ಸೊಸೆಯಂದಿರ ವ್ಯವಹಾರವೆಂದು ಕಡೆಗಣಿಸದಿರಲಿ. ಮುಂದಿನ ಗ್ರಾಮಸಭೆಯಲ್ಲಿ ಈ ಮಾತನ್ನು ಎತ್ತಬೇಕೆಂದು ನಮ್ಮ ಬಾಂಧವರನ್ನು ಕೋರುತ್ತೇವೆ.