ಹುಳಿ, ಬೆಲ್ಲ ಮನೆಯಲ್ಲೇ ಇದೆ, ಬಾಟಲಿ ಯಾಕೆ?



ಕಳೆದ ತಿಂಗಳು ಯುವಕೂಟದ ಸಭೆ ಮುಗಿಸಿ ನಾವು ಏಳು ಮಂದಿ ಫೋನಿನಲ್ಲೇ ಥಾಯ್ ನೂಡಲ್ಸ್ ತರಿಸಿದೆವು. ಬಂದದ್ದು ತಣ್ಣಗಾದ ಮೈದಾ ನೂಡಲ್ಸ್, ಮೇಲೆ ಟೊಮೆಟೊ ಸಾಸಿನ ಸಿಹಿ. ಹುಣಸೆಹುಳಿಯ ಸುಳಿವೇ ಇಲ್ಲ. ಅಂಗಡಿಯವರನ್ನು ಬೈದು ಪ್ರಯೋಜನವಿಲ್ಲ, ತರಿಸಿದವರು ನಾವು.

ಥಾಯ್‌ಲೆಂಡಿನ ಪ್ಯಾಡ್ ಥಾಯ್‌ಗೆ ಬೇಕಾದದ್ದು ಏನು? ಅಕ್ಕಿಯ ನೂಡಲ್ಸ್, ಹುಣಸೆಹುಳಿ, ತಾಳೆಬೆಲ್ಲ, ಮೀನಿನ ಉಪ್ಪುರಸ, ಒಣ ಸಿಗಡಿ, ಮೊಟ್ಟೆ, ಹೆಸರಿನ ಮೊಳಕೆ, ಹುರಿದ ನೆಲಗಡಲೆ, ಲಿಂಬೆ. ನಮ್ಮ ಕಾಸರಗೋಡಿನ ಯಾವ ಅಡುಗೆಮನೆಯಲ್ಲಿ ಇದರ ಮುಕ್ಕಾಲು ಪಾಲು ಇಲ್ಲ ಹೇಳಿ! ಆದರೂ ನಾವು 'ಥಾಯ್ ಸಾಸ್' ಬಾಟಲಿ ಹುಡುಕಿಕೊಂಡು ಮಂಗಳೂರಿನ ಮಾಲ್‌ವರೆಗೆ ಹೋಗುತ್ತೇವೆ.

"ಮನೆಯಲ್ಲಿ ಮಾಡಿದರೆ ಅದು ಅಸಲಿ ಆಗುವುದಿಲ್ಲ" ಎನ್ನುವವರಿದ್ದಾರೆ. ಸರಿ, ಥಾಯ್ ಶೈಲಿ ಎಂದು ಕರೆಯಿರಿ. ಆ ಪ್ಯಾಡ್ ಥಾಯ್ ಆದರೂ ಎಷ್ಟು ಹಳತು? ಸಯಾಮ್ ದೇಶ 1939ರಲ್ಲಿ ಥಾಯ್‌ಲೆಂಡ್ ಎಂದು ಹೆಸರು ಬದಲಿಸಿತು. ಆಗಿನ ಪ್ರಧಾನಿ ಪಿಬುನ್ ಸೊಂಗ್‌ಕ್ರಾಮ್ ಅವರ ಸರಕಾರವೇ ಈ ತಿಂಡಿಯನ್ನು ದೇಶದ ತಿಂಡಿ ಎಂದು ಪ್ರಚಾರ ಮಾಡಿದ್ದು. ನೂಡಲ್ಸ್ ಹುರಿಯುವ ವಿದ್ಯೆ ಚೀನಾದವರದ್ದು.

"ಇದು ನಮ್ಮ ಊಟವಲ್ಲ" ಎನ್ನುವ ಹಿರಿಯರಿಗೂ ಗೌರವದಿಂದಲೇ ಒಂದು ಮಾತು. ಮೆಣಸಿನಕಾಯಿ, ನೆಲಗಡಲೆ ಎರಡೂ ಅಮೆರಿಕ ಖಂಡದವು. ಪೋರ್ಚುಗೀಸರ ಹಡಗು ಬರುವ ಮೊದಲು ನಮ್ಮ ಮೀನುಸಾರು ಕೆಂಪಾಗಿರಲಿಲ್ಲ.

ಇನ್ನು "ಟೈಮಿಲ್ಲ" ಎಂಬ ನೆಪ. ನಾಲ್ಕು ಮಂದಿಗೆ 200 ಗ್ರಾಂ ಒಣ ಅಕ್ಕಿ ನೂಡಲ್ಸ್ ಅನ್ನು ಅರ್ಧ ಗಂಟೆ ತಣ್ಣೀರಿನಲ್ಲಿ ನೆನೆಹಾಕಿ. ಕುದಿಸಬೇಡಿ, ಅಕ್ಕಿಯಲ್ಲಿ ಗ್ಲುಟೆನ್ ಇಲ್ಲ, ಮುದ್ದೆಯಾಗುತ್ತದೆ. ಲಿಂಬೆಗಾತ್ರದ ಹುಳಿ ಕಿವುಚಿ, ಎರಡು ಚಮಚ ಬೆಲ್ಲ, ಉಪ್ಪು ಸೇರಿಸಿ ರಸ ಮಾಡಿಡಿ. ಬಾಣಲೆ ಚೆನ್ನಾಗಿ ಕಾಯಲಿ. ಎಣ್ಣೆಗೆ ಬೆಳ್ಳುಳ್ಳಿ, ಒಣ ಸಿಗಡಿ, ಗಾಂಧಾರಿ ಮೆಣಸು, ಆಮೇಲೆ ನೂಡಲ್ಸ್, ರಸ. ಬದಿಗೆ ಸರಿಸಿ ಮೊಟ್ಟೆ ಒಡೆದು ಕಲಸಿ. ಕೊನೆಗೆ ಮೊಳಕೆ, ಜಜ್ಜಿದ ನೆಲಗಡಲೆ, ಲಿಂಬೆ. ಒಲೆಯ ಮುಂದೆ ಹತ್ತು ನಿಮಿಷ. ನಾಲ್ಕು ಮಂದಿಯದ್ದನ್ನು ಒಟ್ಟಿಗೆ ಹಾಕಬೇಡಿ, ಎರಡು ಸಲ ಮಾಡಿ. ಬಾಣಲೆ ತುಂಬಿದರೆ ನೀರು ಬಿಟ್ಟುಕೊಂಡು ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ. ನೀರು ಇರುವವರೆಗೆ ಶಾಖ 100 ಡಿಗ್ರಿ ದಾಟದು, ಹುರಿದ ಪರಿಮಳ ಬರುವುದು ಅದರ ಮೇಲೆ. (ಬಿಎಸ್ಸಿ ಕಲಿತದ್ದು ಇಷ್ಟಕ್ಕಾದರೂ ಉಪಯೋಗಕ್ಕೆ ಬಂತು.) ನೂಡಲ್ಸ್ ಸಿಗದಿದ್ದರೆ ರಾತ್ರಿ ಉಳಿದ ಒತ್ತುಶ್ಯಾವಿಗೆಯೂ ಆಗುತ್ತದೆ. ಸ್ವಲ್ಪ ಪುಡಿಯಾಗುತ್ತದೆ, ರುಚಿಗೆ ಮೋಸವಿಲ್ಲ.

ನಿಜ ಹೇಳಬೇಕೆಂದರೆ ಕೊರತೆ ಟೈಮಿನದ್ದಲ್ಲ. ಭಾನುವಾರ ಪೂಜೆಗೆ ಅಮ್ಮನೂ ಬರುತ್ತಾರೆ, ನಾವೂ ಹೋಗುತ್ತೇವೆ. ಮನೆಗೆ ಬಂದ ಮೇಲೆ ನಾವು ಹುಡುಗರು ಫೋನ್ ಹಿಡಿದು ಕೂರುತ್ತೇವೆ, ಅಮ್ಮ ಸೀರೆ ಬದಲಿಸಲೂ ಪುರುಸೊತ್ತಿಲ್ಲದೆ ಒಲೆ ಹಚ್ಚುತ್ತಾರೆ. ಅಕ್ಕ ತಂಗಿಯರು ತೆಂಗಿನಕಾಯಿ ತುರಿಯುತ್ತಾರೆ. ಯುವಕೂಟದಲ್ಲಿ ಸೇವೆಯ ಬಗ್ಗೆ ಭಾಷಣ ಮಾಡುವವರೂ ನಾವೇ. ನಾಚಿಕೆಯಾಗಬೇಕು. ಭಾನುವಾರ ಒಂದು ಹೊತ್ತಿನ ಅಡುಗೆ ಹುಡುಗರದ್ದು ಎಂದು ನಾವು ತೀರ್ಮಾನಿಸಿದ್ದೇವೆ. ಬಾಣಲೆ ತೊಳೆಯುವುದೂ ಸೇರಿ.

ನಂಬಿಕೆ ಬಾರದವರು ಮುಂದಿನ ಭಾನುವಾರ ಪೂಜೆ ಮುಗಿಸಿ ಸಭಾಭವನಕ್ಕೆ ಬನ್ನಿ. ಲಿಂಬೆ ನಾವು ತರುತ್ತೇವೆ, ತಟ್ಟೆ ನೀವು ತನ್ನಿ.